ಟೋಪಿ ಗೋದಾಮಿನ ಅಸಲಿ ಮಾಲು

ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್ 2019ರಲ್ಲಿ ಅಮೆರಿಕದ ಪಿಬಿಎಸ್ ವಾಹಿನಿಗಾಗಿ ಅಲ್ಲಿನ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದ ಚರಿತ್ರೆಯನ್ನು ಎಂಟು ಕಂತುಗಳಲ್ಲಿ, ಸುಮಾರು 16 ಗಂಟೆಯಷ್ಟು ಉದ್ದಕ್ಕೆ ಮಾಡಿಕೊಟ್ಟರು. ಅದನ್ನು ನೋಡಿ ಮುಗಿಸುವುದು ಸುಲಭ. ನೋಡಿದ ಮೇಲೆ ಕ್ರಮವಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೆ ಮಾತ್ರ ಪಳಗಿದ ಕೈ ಬೇಕು.

ಮೊದಲು, ತೀರಾ ಉದ್ದವಾಯಿತು ಎನ್ನಬೇಕು. ಹಳೆಯ ಫೋಟೊ ಒಂದರಲ್ಲಿ ಕ್ಯಾಮೆರಾ ಅಜ್ಜನ ಮೂಗು ಮುಟ್ಟುವಷ್ಟರಲ್ಲಿ ಕಾಫಿ ಸೋಸಿ, ಕುಡಿದು, ಲೋಟ ತೊಳೆದಿಡಬಹುದು ಎಂದು ಗೊಣಗಬೇಕು. (ಆ ತಂತ್ರಕ್ಕೆ ಆಪಲ್ ಕಂಪನಿ ತನ್ನ ತಂತ್ರಾಂಶದಲ್ಲಿ ಬರ್ನ್ಸ್ ಹೆಸರನ್ನೇ ಇಟ್ಟಿದೆ. ನಮ್ಮ ಮದುವೆ ವಿಡಿಯೊಗಳಲ್ಲಿ ವಧುವಿನ ಫೋಟೊ ಮೆಲ್ಲಗೆ ಉಬ್ಬುವುದೂ ಅದೇ ವರಸೆ.) ಅದೇ ಉಸಿರಿನಲ್ಲಿ, ನಮ್ಮ ನೆಚ್ಚಿನ ಗಾಯಕನನ್ನು ಕೈಬಿಟ್ಟಿದ್ದಾರೆ, ಇನ್ನೂ ನಾಲ್ಕು ಕಂತು ಬೇಕಿತ್ತು ಎನ್ನಬೇಕು. ಎರಡೂ ದೂರು ಒಂದೇ ಬಾಯಿಂದ ಬಂದರಷ್ಟೇ ಊರ್ಜಿತ.

ಆಮೇಲೆ ಸಂಗೀತದ ತಿಥಿ. ಚಿತ್ರ 1996ಕ್ಕೆ ನಿಲ್ಲುತ್ತದೆ, ಅಲ್ಲಿಂದೀಚೆಗೆ ಕಂಟ್ರಿ ಸತ್ತಿದೆ ಎನ್ನುವವರಿಗೆ ಹಬ್ಬ. ಅದಕ್ಕೂ ಮೊದಲೇ ಸತ್ತಿತ್ತು ಎನ್ನುವವರೂ ಇದ್ದಾರೆ. ಸತ್ತ ವರ್ಷ ತಿಳಿಯುವ ಲೆಕ್ಕ ಸರಳ: ಹೇಳುವವರ ಹುಟ್ಟಿದ ವರ್ಷಕ್ಕೆ 25 ಕೂಡಿಸಿ.

‘ಅಸಲಿ ಕಂಟ್ರಿ’ ಎಂಬ ಮಾತೆತ್ತುವಾಗ ಮಾತ್ರ ಹುಷಾರು, ಯಾಕೆಂದರೆ ಇತಿಹಾಸ ಎದುರು ಸಾಕ್ಷಿ ನುಡಿಯುತ್ತದೆ. ಕಂಟ್ರಿಯ ಹುಟ್ಟೂರೆಂದು ಮೆರೆಯುವ, ಅಮೆರಿಕದ ಟೆನೆಸಿ–ವರ್ಜೀನಿಯಾ ಗಡಿಯ ಬ್ರಿಸ್ಟಲ್‌ನಲ್ಲಿ, 1927ರ ಬೇಸಿಗೆಯಲ್ಲಿ, ವಿಕ್ಟರ್ ರೆಕಾರ್ಡ್ ಕಂಪನಿ ಪರವಾಗಿ ರಾಲ್ಫ್ ಪಿಯರ್ ಧ್ವನಿಮುದ್ರಣಕ್ಕೆ ಹಿಡಿದ ಜಾಗ ಒಂದು ಟೋಪಿ ಗೋದಾಮು. ಗೋಡೆಗೆ ಕಂಬಳಿ ಇಳಿಬಿಟ್ಟು, ತೂಕದ ಗುಂಡು ಇಳಿಯುವ ಬಲದಲ್ಲಿ ಮೇಣದ ತಟ್ಟೆ ತಿರುಗಿಸಿ, ಮೈಕಿನ ಮುಂದೆ ಹಾಡಿಸಿದರು. 10 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುವುದು ಮೂರು ಚಿಲ್ಲರೆ ನಿಮಿಷ, ಹಾಗಾಗಿ ಉದ್ದದ ಲಾವಣಿಗಳಿಗೆಲ್ಲ ಕತ್ತರಿ. ನಡುವೆ ಯಾರಾದರೂ ಕೆಮ್ಮಿದರೆ ಆ ಮೇಣ ದಂಡ. ಈಗಿನವರು ರೇಡಿಯೊದ ಅಳತೆಗೆ ಹಾಡು ಕತ್ತರಿಸುತ್ತಾರೆಂದು ಹಲುಬುವವರು ಈ ಭಾಗ ಬಂದಾಗ ಅಡುಗೆಮನೆಗೆ ಹೋಗಿರುವುದು ಲೇಸು.

ಹಾಡಿದವರಿಗೆ ಮಗ್ಗುಲಿಗೆ 50 ಡಾಲರ್, ಮೇಲೆ ಚೂರುಪಾರು ರಾಯಲ್ಟಿ. ಹಾಡಿನ ಪ್ರಕಾಶನದ ಹಕ್ಕು ಪಿಯರ್ ಜೇಬಿಗೆ. ಅದೊಂದಿದ್ದರೆ ಸಂಬಳವೂ ಬೇಡವೆಂದು ಕಂಪನಿಯೊಡನೆ ಮೊದಲೇ ಮಾತಾಗಿತ್ತು. ಆ ಗೋದಾಮಿನ ಮಾಲು ಯಾರ ತಲೆಗೇರಿತೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹಾಡಿದ ಎ.ಪಿ. ಕಾರ್ಟರ್ ಮುಂದೆ ಗುಡ್ಡಗಾಡು ಸುತ್ತಿ ಹಾಡು ಕೂಡಿಹಾಕಿದ. ಪದ ಗೀಚಿಕೊಳ್ಳುವುದು ಅವನು. ಧಾಟಿಯನ್ನು ತಲೆಯಲ್ಲಿ ಹಿಡಿದು ತರುವುದು ಜೊತೆಗಿದ್ದ ಕಪ್ಪು ಜನಾಂಗದ ಗಿಟಾರ್ ವಾದಕ ಲೆಸ್ಲಿ ರಿಡಲ್. ತಟ್ಟೆಯ ಮೇಲೆ ಕಾರ್ಟರ್ ಹೆಸರೊಂದೇ.

ಬ್ಯಾಂಜೊ ಬಿಳಿಯರ ಗುಡ್ಡಗಾಡು ವಾದ್ಯ ಎಂದು ಪಟ್ಟು ಹಿಡಿಯುವವರದು ಇನ್ನೊಂದು ಪಂಗಡ. ಪಶ್ಚಿಮ ಆಫ್ರಿಕದಿಂದ ಗುಲಾಮರಾಗಿ ಬಂದವರು ಸೋರೆ ಬುರುಡೆಗೆ ತೊಗಲು ಬಿಗಿದು ಮಾಡಿಕೊಂಡ ವಾದ್ಯ ಅದು. ಐದನೇ ತಂತಿಯ ಬಿರಡೆ ಮೇಲ್ತುದಿಯಲ್ಲಿಲ್ಲ, ಕುತ್ತಿಗೆಯ ಪಕ್ಕದಲ್ಲಿ, ಐದನೇ ಮೆಟ್ಟಿನ ಹತ್ತಿರ. ಹೆಬ್ಬೆರಳು ಆ ಗಿಡ್ಡ ತಂತಿಯನ್ನು ಮೀಟುತ್ತಲೇ ಇದ್ದು, ತಂಬೂರಿಯ ಹಾಗೆ ಒಂದೇ ಸ್ವರ ಹಿಡಿದಿರುತ್ತದೆ. ಗ್ಯಾಂಬಿಯಾ ಕಡೆಯ ತಂತಿವಾದ್ಯ ಅಕೊಂಟಿಂಗ್‌ನಲ್ಲಿ ಅಂಥದ್ದೇ ಗಿಡ್ಡ ತಂತಿ ಇಂದಿಗೂ ಇದೆ. ಕಾಲಕ್ರಮದಲ್ಲಿ ಬುರುಡೆ ವಾದ್ಯದಿಂದ ಹೋಗಿ ಮಾತಿಗೆ ಬಂತು.

ಉಳಿದದ್ದೂ ಹೀಗೇ. ಸ್ಟೀಲ್ ಗಿಟಾರ್ ಹವಾಯಿಯದು. ದನಿಯನ್ನು ಮೇಲೆ ಕೆಳಗೆ ಜಿಗಿಸಿ ಹಾಡುವ ಯೋಡಲ್ ಆಲ್ಪ್ಸ್ ಬೆಟ್ಟದ್ದು. ಕಂಟ್ರಿ ಗಾಯಕ ಪೋರ್ಟರ್ ವ್ಯಾಗನರ್ ತೊಟ್ಟ, ಗಾಡಿಚಕ್ರ ಮಿನುಗುವ ಕೋಟು ಹೊಲಿದ ನೂಡಿ ಕೋನ್, ಕೀವ್‌ನಲ್ಲಿ ಹುಟ್ಟಿದ ಯಹೂದಿ ದರ್ಜಿ. ಆತ ಮೊದಲು ನ್ಯೂಯಾರ್ಕಿನಲ್ಲಿ ಹೊಲಿಯುತ್ತಿದ್ದದ್ದು ಕ್ಯಾಬರೆ ನರ್ತಕಿಯರ ತುಂಡು ಬಟ್ಟೆ.

ಕೊನೆಯ ದೂರು: ಸಂಗೀತದ ನಡುವೆ ಕರಿಯರು ಬಿಳಿಯರು ಎಂಬ ರಾಜಕೀಯ ಯಾಕೆ ತುರುಕಿದಿರಿ? ತುರುಕಿದ್ದು ರೆಕಾರ್ಡ್ ಕಂಪನಿಗಳ ಪಟ್ಟಿ. ಬಿಳಿಯರ ಹಾಡಿಗೆ ‘ಹಿಲ್‌ಬಿಲಿ’, ಕರಿಯರ ಹಾಡಿಗೆ ‘ರೇಸ್’ ಎಂದು 1920ರ ದಶಕದಲ್ಲೇ ಕಪಾಟು ಬೇರೆ ಮಾಡಿದ್ದವು. ನ್ಯಾಶ್‌ವಿಲ್ಲಿನ ರೇಡಿಯೊ ಕಾರ್ಯಕ್ರಮಕ್ಕೆ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ನಿರೂಪಕನ ಬಾಯಿಗೆ ಬಂದದ್ದು 1927ರ ಡಿಸೆಂಬರಿನಲ್ಲಿ, ಡಿಫೋರ್ಡ್ ಬೇಲಿ ಎಂಬ ಕಪ್ಪು ಕಲಾವಿದ ಮೌತ್ ಆರ್ಗನ್‌ನಲ್ಲಿ ರೈಲು ಓಡಿಸಿ ತೋರಿಸಿದ ರಾತ್ರಿ. 1941ರಲ್ಲಿ ಅವನನ್ನೇ ಹೊರಗೆ ಕಳಿಸಿದರು. ಆಮೇಲೆ ಅದೇ ಊರಲ್ಲಿ ಬೂಟು ಪಾಲಿಶ್ ಅಂಗಡಿ ನಡೆಸಿದ. ಕಂಟ್ರಿಯ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು 2005ರಲ್ಲಿ, ಆತ ತೀರಿಕೊಂಡು 23 ವರ್ಷವಾದ ಮೇಲೆ. ತೀರಾ ಉದ್ದವಾಯಿತು ಎನ್ನುವವರು ಗಡಿಯಾರ ನೋಡುವುದು ಹೆಚ್ಚಾಗಿ ಇವನ ಕತೆ ಬಂದಾಗಲೇ.