ಗುಗ್ಗೆ ಇರಬೇಕು ಎಂದುಕೊಂಡ ಇಪ್ಪತ್ತು ದಿನಗಳು

ಒಂದು ಬೆಳಿಗ್ಗೆ ಎದ್ದಾಗ ಎಡಗಿವಿಗೆ ಯಾರೋ ಹತ್ತಿ ತುರುಕಿದಂತಿತ್ತು. ನೋವಿಲ್ಲ, ಸೋರುತ್ತಿಲ್ಲ, ಜ್ವರವೂ ಇಲ್ಲ. ಮೊಬೈಲನ್ನು ಆ ಕಿವಿಗೆ ಹಿಡಿದರೆ ಮಾತು ಬಾವಿಯ ತಳದಿಂದ ಬಂದಂತೆ ಕೇಳುತ್ತಿತ್ತು. ಗುಗ್ಗೆ ಕಟ್ಟಿರಬೇಕು ಎಂದು ನಾನೇ ತೀರ್ಪು ಕೊಟ್ಟುಕೊಂಡೆ. ಗುಗ್ಗೆ ಮೆತ್ತಗಾಗಿಸುವ ಹನಿ ತಂದು, ರಾತ್ರಿ ಮಗ್ಗುಲಾಗಿ ಮಲಗಿ, ಕಿವಿಗೆ ಬಿಟ್ಟುಕೊಂಡೆ. ಹೀಗೆ ಇಪ್ಪತ್ತು ದಿನ ಕಳೆದವು. ಅಷ್ಟರಲ್ಲಿ ಮೊಬೈಲನ್ನು ಬಲಗಿವಿಗೆ ಹಿಡಿಯುವುದು ರೂಢಿಯಾಗಿಬಿಟ್ಟಿತ್ತು.

ಇಪ್ಪತ್ತೊಂದನೆಯ ದಿನ ಇಎನ್‌ಟಿ ವೈದ್ಯರು ದೀಪದ ಕೊಳವೆಯಿಂದ ಕಿವಿಯೊಳಗೆ ನೋಡಿ, ‘ಗುಗ್ಗೆ ಇಲ್ಲವಲ್ಲ’ ಎಂದರು. ಆಮೇಲೆ ಶ್ರುತಿಕವೆಯನ್ನು, ಎಂದರೆ ತಟ್ಟಿದರೆ ಒಂದೇ ಸ್ವರದಲ್ಲಿ ಝೇಂಕರಿಸುವ ಲೋಹದ ಕವೆಯನ್ನು, ಮೊಣಕೈಗೆ ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಟ್ಟನಡುವೆ ಊರಿದರು. ‘ಯಾವ ಕಡೆ ಕೇಳಿಸುತ್ತಿದೆ?’ ‘ಬಲಗಡೆ.’ ಅವರು ಇನ್ನೊಮ್ಮೆ ತಟ್ಟಿ ಇನ್ನೊಮ್ಮೆ ಇಟ್ಟರು. ಆಗಲೂ ಬಲಗಡೆಯೇ. ‘ಮೊದಲ ವಾರವೇ ಬಂದಿದ್ದರೆ...’ ಎಂದು ಶುರುಮಾಡಿದ ಮಾತನ್ನು ಅಲ್ಲಿಗೇ ನಿಲ್ಲಿಸಿ ಚೀಟಿ ಬರೆಯತೊಡಗಿದರು.

ಆ ಕವೆ ಹೇಳಿದ್ದೇನು ಎಂದು ತಿಳಿಯಲು ನೀವೂ ಈಗಲೇ ಒಂದು ಕೆಲಸ ಮಾಡಿ ನೋಡಿ. ಒಂದು ಕಿವಿಗೆ ಬೆರಳಿಟ್ಟುಕೊಂಡು, ಬಾಯಿ ಮುಚ್ಚಿ ‘ಮ್ ಮ್’ ಎಂದು ಗುನುಗಿ. ಸದ್ದು ಮುಚ್ಚಿದ ಕಿವಿಯಲ್ಲೇ ಹೆಚ್ಚು ಕೇಳುತ್ತದೆ. ನನ್ನದು ನಿಜಕ್ಕೂ ಗುಗ್ಗೆಯಾಗಿದ್ದರೆ ಕವೆಯ ಸದ್ದು ಎಡಕ್ಕೆ ಹೋಗಬೇಕಿತ್ತು. ಅದು ಒಳ್ಳೆಯ ಕಿವಿಗೆ ಓಡಿತೆಂದರೆ ಸದ್ದು ಒಳಹೋಗುವ ದಾರಿ ಸರಿಯಿದೆ, ತೊಂದರೆ ಒಳಗಿವಿಯಲ್ಲೋ ನರದಲ್ಲೋ ಇದೆ ಎಂದರ್ಥ. ಮೂರು ದಿನಗಳೊಳಗೆ ಹೀಗೆ ಕಿವಿ ಕುಸಿಯುವುದನ್ನು ವೈದ್ಯರು ತುರ್ತು ಎಂದೇ ಎಣಿಸುತ್ತಾರೆ. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಎರಡು ವಾರಗಳೊಳಗೆ, ಅದರಲ್ಲೂ ಮೊದಲ ಕೆಲವು ದಿನಗಳಲ್ಲಿ, ಹೆಚ್ಚು ಫಲ ಕೊಡಬಹುದು. ಆ ದಿನಗಳನ್ನೆಲ್ಲ ನಾನು ಹನಿ ಬಿಟ್ಟುಕೊಳ್ಳುತ್ತಾ ಕಳೆದಿದ್ದೆ. ಕಿವಿಯ ತಮಟೆಯ ಮೂಲಕ ಒಳಕ್ಕೆ ಚುಚ್ಚುಮದ್ದು ಕೊಟ್ಟು ನೋಡಿದರು. ಸ್ವಲ್ಪ ಮರಳಿತು, ಪೂರ್ತಿ ಬರಲಿಲ್ಲ.

ನನ್ನ ತಕರಾರಿರುವುದು ನಮ್ಮ ಅಳತೆಗೋಲಿನ ಬಗ್ಗೆ. ನೋವಿದ್ದರೆ ವೈದ್ಯರ ಹತ್ತಿರ ಹೋಗೋಣ, ಇಲ್ಲದಿದ್ದರೆ ತಾನಾಗಿ ಹೋಗುತ್ತದೆ ಎಂಬ ಲೆಕ್ಕ ಕಿವಿ, ಮೂಗು, ಗಂಟಲು ಈ ಮೂರರ ಸೀಮೆಯಲ್ಲಿ ಆಗಾಗ ತಲೆಕೆಳಗಾಗುತ್ತದೆ. ನೆಗಡಿಯ ಬೆನ್ನಿಗೆ ಮಗುವಿಗೆ ಕಿವಿನೋವು ಬಂದರೆ ಮನೆಯಿಡೀ ರಾತ್ರಿ ಎದ್ದಿರುತ್ತದೆ. ಬಹಳಷ್ಟು ಸಲ ಅದು ಎರಡು ಮೂರು ದಿನಗಳಲ್ಲಿ ಇಳಿದುಹೋಗುತ್ತದೆ. ಧ್ವನಿ ಒಡೆದು ಮೂರು ನಾಲ್ಕು ವಾರವಾದರೂ ಸರಿಹೋಗದಿರುವುದು, ಕುತ್ತಿಗೆಯಲ್ಲಿ ಗಂಟೊಂದು ಮೂಡಿ ಕರಗದೆ ನಿಲ್ಲುವುದು, ಒಂದೇ ಹೊಳ್ಳೆ ಕಟ್ಟಿಕೊಂಡು ಆಗಾಗ ರಕ್ತ ಕಾಣುವುದು, ಇವು ಯಾವುವೂ ನೋಯದೇ ಇರಬಹುದು. ಆದರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾಗುವುದು ಇಂಥವುಗಳಲ್ಲೇ.

ಬಂದ ನೋವಾದರೂ ಸರಿಯಾದ ವಿಳಾಸ ಹೇಳುತ್ತದೆಯೇ ಎಂದರೆ, ಅದೂ ಇಲ್ಲ. ದೊಡ್ಡವರಿಗೆ ಕಿವಿ ನೋಯುತ್ತಿದ್ದು ಕಿವಿಯೊಳಗೆ ಏನೂ ಕಾಣದಿದ್ದರೆ ಅನುಭವಿ ವೈದ್ಯರು ಬಾಯಿ ತೆರೆಸಿ ಗಂಟಲು ನೋಡುತ್ತಾರೆ. ಹಲ್ಲು, ದವಡೆ, ಗಂಟಲಿನಿಂದ ಬರುವ ನರಗಳೇ ಕಿವಿಗೂ ಹೋಗುವುದರಿಂದ ಅಲ್ಲಿನ ಹುಣ್ಣು ಕಿವಿಯ ಹೆಸರಿನಲ್ಲಿ ಅಳುತ್ತದೆ. ಮೂರು ಅಂಗಗಳಿಗೆ ಒಬ್ಬರೇ ವೈದ್ಯರು ಏಕೆ ಎಂಬ ನನ್ನ ಹಳೆಯ ಪ್ರಶ್ನೆಗೂ ಉತ್ತರ ಇಂಥಲ್ಲೇ ಸಿಕ್ಕಿತು. ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ನಾಳವಿದೆ; ದೊಡ್ಡವರಲ್ಲಿ ಸುಮಾರು 3.5 ಸೆಂಟಿಮೀಟರ್ ಉದ್ದ. ಗುಟುಕು ನುಂಗಿದಾಗ ಕಿವಿಯಲ್ಲಿ ‘ಟಿಕ್’ ಎನ್ನುವುದು ಅದು ತೆರೆದುಕೊಂಡಾಗಲೇ. ಮಕ್ಕಳಲ್ಲಿ ಅದು ಗಿಡ್ಡವಾಗಿ, ಹೆಚ್ಚು ಅಡ್ಡಡ್ಡವಾಗಿ ಇರುತ್ತದೆ. ಹಾಗಾಗಿ ಮೂಗಿನ ಸೋಂಕು ಸಲೀಸಾಗಿ ಕಿವಿಗೆ ಏರುತ್ತದೆ. ‘ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ’ ಎಂದ ನಮ್ಮ ಹಿರಿಯರು ಮೂಗು ಕಿವಿಗಳನ್ನು ಒಂದೇ ಗಾದೆಯಲ್ಲಿ ಕಟ್ಟಿದ್ದು ಪ್ರಾಸಕ್ಕಾಗಿಯೇ ಇರಬಹುದು, ಆದರೂ ಜೋಡಿ ಸರಿಯಾಗಿದೆ.

ಚಿಕಿತ್ಸೆಯ ಆ ತಿಂಗಳುಗಳಲ್ಲಿ ಹೊರಗಿನ ಬೆಂಚಿನ ಮೇಲೆ ಕೂತು ನಾನು ಕಂಡದ್ದು ಬೇರೆಯೇ ಲೋಕ. ಥೈರಾಯ್ಡ್ ಗಂಟಿನ ಶಸ್ತ್ರಚಿಕಿತ್ಸೆಗೆ ಬಂದವರು, ಗೊರಕೆಯ ನಡುವೆ ಉಸಿರೇ ನಿಲ್ಲುವ ಗಂಡನನ್ನು ಎಳೆದು ತಂದವರು, ಹಾಸಿಗೆಯಲ್ಲಿ ಹೊರಳಿದರೆ ಸಾಕು, ಕೋಣೆಯೇ ತಿರುಗುತ್ತದೆ ಎನ್ನುವವರು. ಈ ಕೊನೆಯವರ ಕಥೆ ನನಗೆ ಬಹಳ ಹಿಡಿಸಿತು. ಒಳಗಿವಿಯಲ್ಲಿ ಸುಣ್ಣದ ಸಣ್ಣ ಹರಳುಗಳಿವೆಯಂತೆ. ಅವು ಜಾಗ ತಪ್ಪಿ ಅರ್ಧವೃತ್ತದ ನಾಳಕ್ಕೆ ಜಾರಿದರೆ ತಲೆಸುತ್ತು. ಮದ್ದಿಗಿಂತ ಹೆಚ್ಚಾಗಿ, ಕ್ರಮಬದ್ಧವಾಗಿ ತಲೆ ತಿರುಗಿಸಿ ಮಲಗಿಸಿ ಎಬ್ಬಿಸುವುದೇ ಅಲ್ಲಿ ಚಿಕಿತ್ಸೆ. ಹಲವರಿಗೆ ಒಂದೆರಡು ಸಲದಲ್ಲೇ ಹರಳು ಆ ನಾಳದಿಂದ ಜಾರಿ ಹೊರಬರುತ್ತದೆ.

ಗಂಟಲಿನೊಳಗೆ ಇಣುಕುವ ವಿದ್ಯೆಗೆ ದಾರಿ ತೋರಿದವರಲ್ಲಿ ಒಬ್ಬ ಸಂಗೀತದ ಮೇಷ್ಟ್ರು ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. 1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯನ್ನು ಗಂಟಲಿಗಿಟ್ಟು, ಕೈಗನ್ನಡಿಯಿಂದ ಬಿಸಿಲು ಹಾಯಿಸಿ, ತನ್ನದೇ ಧ್ವನಿತಂತುಗಳು ಅಲುಗುವುದನ್ನು ಕಂಡ.

ಬಟನ್ ಬ್ಯಾಟರಿ ಮಾತ್ರ ವಾರಗಳ ಲೆಕ್ಕಕ್ಕೂ ಸಿಗುವುದಿಲ್ಲ. ಮಗು ಅದನ್ನು ನುಂಗಿದ್ದರೆ ಅನ್ನನಾಳದಲ್ಲಿ ಸಿಕ್ಕಿ ಎರಡು ಗಂಟೆಗಳೊಳಗೆ ಸುಡತೊಡಗಬಹುದು. ಮೂಗಿಗೆ, ಕಿವಿಗೆ ತುರುಕಿಕೊಂಡಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಓಡಿ. ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಮಣಿಯೋ ರಬ್ಬರ್ ಚೂರೋ ಕೂತಿರಬಹುದು. ಹತ್ತಿ ಕಡ್ಡಿಯ ಬಗ್ಗೆ ಎಲ್ಲರೂ ಬೈದಿದ್ದಾರೆ, ನಾನು ಬೈದು ಪ್ರಯೋಜನವಿಲ್ಲ.

ಹೋದ ತಿಂಗಳು ಗೆಳೆಯನೊಬ್ಬ ಕರೆ ಮಾಡಿ, ‘ಬೆಳಿಗ್ಗೆಯಿಂದ ಒಂದು ಕಿವಿ ಮುಚ್ಚಿಕೊಂಡಿದೆ, ಗುಗ್ಗೆ ಇರಬೇಕು, ಯಾವ ಹನಿ ಒಳ್ಳೆಯದು?’ ಎಂದು ಕೇಳಿದ. ‘ಬಾಯಿ ಮುಚ್ಚಿ ಗುನುಗು’ ಎಂದೆ. ಗುನುಗಿದ. ‘ಯಾವ ಕಿವಿಯಲ್ಲಿ ಕೇಳಿಸಿತು?’ ‘ಚೆನ್ನಾಗಿರುವ ಕಿವಿಯಲ್ಲಿ.’ ‘ಹಾಗಾದರೆ ಹನಿ ಬೇಡ, ಈಗಲೇ ಹೊರಡು.’ ಗುನುಗು ಪರೀಕ್ಷೆ ವೈದ್ಯರ ಪರೀಕ್ಷೆಗೆ ಸಮವಲ್ಲ. ಸದ್ದು ಮುಚ್ಚಿಕೊಂಡ ಕಿವಿಗೆ ಹೋಗಿದ್ದರೂ ನಾನು ಹೊರಡು ಎಂದೇ ಹೇಳುತ್ತಿದ್ದೆ. ಅವನು ಅಂದು ಸಂಜೆಯೇ ಹೋದ. ಕಚೇರಿಯಲ್ಲಿ ಎಲ್ಲರೆದುರು ಗುನುಗಿಸಿದೆ ಎಂದು ಇವತ್ತಿಗೂ ಬೈಯುತ್ತಾನೆ. ಬೈಗುಳವನ್ನು ನಾನು ಬಲಗಿವಿಯಲ್ಲಿ ಕೇಳಿಸಿಕೊಳ್ಳುತ್ತೇನೆ.