ಸತ್ಯಾಂಶ: ಸೀಮೆಎಣ್ಣೆ ಸವರಿದರೆ ಹೊಸ ಕೋಳಿ ಸುರಕ್ಷಿತವಾ?

‘ಸಂತೆಯಿಂದ ತಂದ ಜವಾರಿ ಕೋಳಿಗೆ ಸೀಮೆಎಣ್ಣೆ ಸವರಿ, ಬೆಳ್ಳುಳ್ಳಿ ನೀರು ಕುಡಿಸಿ, ಅವತ್ತೇ ಗೂಡಿಗೆ ಬಿಡಿ. ಹೇನು, ಹುಳ, ರಾಣಿಖೇತ್ ರೋಗ ಏನೂ ಬರಲ್ಲ.’ ಬಾಗಲಕೋಟೆ, ಜಮಖಂಡಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಈ ಮಾತು ತಪ್ಪು.

ಸೀಮೆಎಣ್ಣೆ ಕೋಳಿಯ ಚರ್ಮ ಸುಡುತ್ತದೆ. ಕೋಳಿ ಕೊಕ್ಕಿನಿಂದ ಗರಿ ತೀಡಿಕೊಳ್ಳುತ್ತದಲ್ವಾ, ಆಗ ಆ ವಿಷ ಹೊಟ್ಟೆಗೂ ಇಳಿಯುತ್ತದೆ. ಬಾಲದ ಕೆಳಗಿನ ಗರಿ ಬಿಡಿಸಿ ನೋಡಿ. ಬುಡದಲ್ಲಿ ಸಕ್ಕರೆ ಅಂಟಿದ ಹಾಗೆ ಬಿಳಿ ಗಂಟು ಕಂಡರೆ ಅವು ಹೇನಿನ ಮೊಟ್ಟೆ. ಪಶುವೈದ್ಯರು ಕೊಟ್ಟ ಪುಡಿಯನ್ನು ಒಮ್ಮೆ ಹಾಕಿ ಸುಮ್ನೆ ಕೂತರೆ ಈ ಮೊಟ್ಟೆ ಒಡೆದು ಮತ್ತೆ ಹೇನಾಗುತ್ತವೆ. ಅದಕ್ಕೇ 7ರಿಂದ 10 ದಿನ ಬಿಟ್ಟು ಇನ್ನೊಮ್ಮೆ ಹಾಕಬೇಕು.

ಕೆಂಪು ನುಸಿಯ ಕಥೆ ಬೇರೆ. ಹಗಲು ಗೂಡಿನ ಸಂದಿಯಲ್ಲಿ ಅಡಗಿ, ರಾತ್ರಿ ಬಂದು ರಕ್ತ ಹೀರುತ್ತದೆ. ಕೋಳಿಗಷ್ಟೇ ಔಷಧ ಹಾಕಿದರೆ ಸಾಲದು, ಗೂಡಿಗೂ ಬೇಕು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ.

ಬೆಳ್ಳುಳ್ಳಿ ಜಂತುಹುಳದ ಔಷಧಕ್ಕೆ ಬದಲಿ ಅಲ್ಲ. ಔಷಧದ ಪ್ರಮಾಣ ಕೋಳಿಯ ತೂಕದ ಮೇಲೆ ಹೋಗುತ್ತದೆ. ಔಷಧ ಕೊಟ್ಟ ಮೇಲೆ ಆ ಕೋಳಿಯ ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತಲೂ ಪಶುವೈದ್ಯರನ್ನೇ ಕೇಳಿ.

ಇನ್ನು ರಾಣಿಖೇತ್. ಅದು ವೈರಸ್ ರೋಗ, ಬಂದ ಮೇಲೆ ಮದ್ದಿಲ್ಲ. ಮೊದಲೇ ಲಸಿಕೆ ಹಾಕಿಸಬೇಕು. ನನ್ನ ಪ್ರಕಾರ ಫಾರ್ವರ್ಡ್‌ನಲ್ಲಿ ಜಾಸ್ತಿ ಅಪಾಯದ ಮಾತು ‘ಅವತ್ತೇ ಬಿಡಿ’ ಅನ್ನುವುದೇ. ಹೊಸ ಕೋಳಿಯನ್ನು ಮೂರು ವಾರವಾದರೂ ದೂರ ಇಡಿ. ನೀರು, ಕಾಳಿನ ಪಾತ್ರೆ ಬೇರೆ ಇರಲಿ. ಮೊದಲು ಹಳೆ ಕೋಳಿಗಳ ಕೆಲಸ, ಆಮೇಲೆ ಹೊಸದರದ್ದು. ಹಸಿರು ಭೇದಿ, ಏದುಸಿರು, ಕತ್ತು ತಿರುಚುವುದು ಕಂಡರೆ ತಕ್ಷಣ ಪಶು ಆಸ್ಪತ್ರೆಗೆ ತಿಳಿಸಿ. ಆ ಕೋಳಿಯನ್ನು ವಾಪಸ್ ಸಂತೆಗೆ ಒಯ್ಯಬೇಡಿ.