ಗಂಟಲಿಗೆ ತೂತು: ಇಲ್ಲೊಂದು ಲೆಕ್ಕ, ಊರಲ್ಲೊಂದು ಲೆಕ್ಕ

2021ರ ಮೇ ತಿಂಗಳು. ಹಾಸನದಿಂದ ಅಕ್ಕನ ಫೋನು. "ನಿಮ್ಮ ಭಾವನ ಗಂಟಲಿಗೆ ತೂತು ಹಾಕ್ಬೇಕಂತೆ ಕಣೋ. ಮಾತೇ ಹೋಗ್ಬಿಡುತ್ತಾ? ಬೇಡ ಅಂದ್ಬಿಡ್ಲಾ?" ಕೋವಿಡ್ ಅಂತ ವೆಂಟಿಲೇಟರ್‌ಗೆ ಹಾಕಿ ಆಗಲೇ ಹನ್ನೆರಡು ದಿನ. ಅಲ್ಲಿವರೆಗೆ ಯಾರೂ ಅವಳ ಹತ್ತಿರ ಈ ಮಾತೆತ್ತಿರಲಿಲ್ಲ. ಸಂಜೆಯೊಳಗೆ ಸಹಿ ಬೇಕು ಅಂದಿದ್ದರು, ಅಷ್ಟೇ.

ನಾನು ಇಂಗ್ಲೆಂಡಿನಲ್ಲಿ ಐಸಿಯು ನರ್ಸ್. ಈ ತೂತಿಗೆ ನಾವು ಟ್ರೇಕಿಯಾಸ್ಟಮಿ ಅಂತೀವಿ: ಬಾಯೊಳಗಿನ ವೆಂಟಿಲೇಟರ್ ಟ್ಯೂಬ್ ತೆಗೆದು, ಕುತ್ತಿಗೆಯ ತೂತಿನಿಂದ ನೇರ ಶ್ವಾಸನಾಳಕ್ಕೆ ಟ್ಯೂಬ್ ಹಾಕೋದು. ಇಲ್ಲೂ 2020ರಲ್ಲಿ ಹದಿನಾಲ್ಕು ದಿನ ಕಳೆಯಲಿ, ಆಮೇಲೆ ನೋಡೋಣ ಅನ್ನುತ್ತಿದ್ದರು. ಸುಮ್ನೆ ಅಲ್ಲ. ಶ್ವಾಸನಾಳ ಕೊಯ್ದಾಗ ಗಾಳಿ ಬುಸ್ಸಂತ ಹೊರಗೆ ಬರುತ್ತೆ, ಜೊತೆಗೆ ವೈರಸ್ಸೂ. ಅದಕ್ಕೇ ಕೊಯ್ಯುವ ಮುಂಚೆ ವೆಂಟಿಲೇಟರ್ ನಿಲ್ಲಿಸುತ್ತೇವೆ. ಆಗ ಕೋಣೆಯಲ್ಲಿ ಯಾರೂ ಪಿಟ್ಟೆನ್ನುವುದಿಲ್ಲ. ಎಲ್ಲರ ಕಣ್ಣೂ ಆಕ್ಸಿಜನ್ ನಂಬರಿನ ಮೇಲೆ. 94, 91, 88. ಹೊಸ ಟ್ಯೂಬ್ ಕೂತು, ಅದರ ಬಲೂನಿಗೆ ಗಾಳಿ ತುಂಬಿದ ಮೇಲೇ ಮೆಷಿನ್ ಮತ್ತೆ ಶುರು.

ಬರ್ಮಿಂಗ್‌ಹ್ಯಾಮಿನ ಕ್ವೀನ್ ಎಲಿಜಬೆತ್ ಆಸ್ಪತ್ರೆಯವರು ಮೊದಲ ಅಲೆಯಲ್ಲೇ 100 ರೋಗಿಗಳಿಗೆ ಇದನ್ನು ಮಾಡಿ ಲೆಕ್ಕ ಬರೆದಿಟ್ಟರು. ಸರ್ಜನ್ನರಿಗೆ ಸೋಂಕು ತಗಲಲಿಲ್ಲ. ಹದಿನಾಲ್ಕು ದಿನದೊಳಗೆ ಆದವರು ಐಸಿಯುನಿಂದ ಬೇಗ ಹೊರಬಂದರು. ಹಾಗಂತ ತೀರಾ ಅವಸರವೂ ಬೇಡ. ಕೋವಿಡ್‌ಗೂ ಮುಂಚೆ, 2013ರಲ್ಲಿ ಬಂದ ಟ್ರ್ಯಾಕ್‌ಮ್ಯಾನ್ ಅಧ್ಯಯನದಲ್ಲಿ 10 ದಿನ ಕಾದ ಗುಂಪಿನ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ತೂತು ಹಾಕಲೇ ಇಲ್ಲ. ಬಹಳ ಜನ ಅಷ್ಟರಲ್ಲಿ ಸುಧಾರಿಸಿದ್ದರು.

ಹಾಗಾಗಿ ನಾನು ಕ್ಯಾಲೆಂಡರ್ ನೋಡಲ್ಲ. ಆಕ್ಸಿಜನ್ ಕಮ್ಮಿ ಸಾಕಾಗ್ತಿದೆಯಾ, ಆಕ್ಸಿಜನ್ ಏರಲಿ ಅಂತ ಬೋರಲು ಮಲಗಿಸೋದು ನಿಂತಿದೆಯಾ, ಮೆಷಿನ್ ನಿಲ್ಲಿಸಿದ ಅಷ್ಟು ಹೊತ್ತು ರೋಗಿ ತಡೀತಾರಾ, ಇಷ್ಟು ನೋಡುತ್ತೇನೆ.

ನಮ್ಮೂರಿನ ಡಾಕ್ಟರುಗಳಿಗೆ ಇದು ಗೊತ್ತಿಲ್ಲದ್ದೇನಲ್ಲ. ಧನುರ್ವಾಯು ಆದವರಿಗೆ ಬೇಗ ತೂತು ಹಾಕಿ ಅವರಿಗೆ ರೂಢಿಯಿದೆ. ಇಲ್ಲಿ ಎಷ್ಟೋ ಡಾಕ್ಟರುಗಳು ಆ ಕಾಯಿಲೆಯನ್ನು ಕಣ್ಣಾರೆ ಕಂಡೇ ಇಲ್ಲ. ವ್ಯತ್ಯಾಸ ಇರೋದು ಮನೆಯವರ ವಿಷಯದಲ್ಲಿ. ಇಲ್ಲಿ ರೋಗಿಗೆ ಎಚ್ಚರ ಇಲ್ಲದಿದ್ದರೆ ಮನೆಯವರ ಅಭಿಪ್ರಾಯ ಕೇಳುತ್ತಾರೆ, ತೀರ್ಮಾನದ ಹೊರೆ ಮಾತ್ರ ಸಾಮಾನ್ಯವಾಗಿ ಡಾಕ್ಟರದ್ದೇ. ಊರಲ್ಲಿ ಸಹಿಯೂ ಅಕ್ಕನದೇ, ಬಿಲ್ಲೂ ಅಕ್ಕನದೇ. ಅಂಥವಳನ್ನು ಐದನೇ ದಿನವೇ ಕೂರಿಸಿ, ಹೀಗೂ ಆಗಬಹುದಮ್ಮ ಅಂತ ಹೇಳಬಹುದಿತ್ತಲ್ವಾ?

ತೂತು ಆಮೇಲೆ ಮುಚ್ಚುತ್ತೆ, ಸಾಮಾನ್ಯವಾಗಿ ಮಾತೂ ಬರುತ್ತೆ ಅಂದೆ. ಸಹಿ ಹಾಕಿದಳು. ಭಾವನ ಕುತ್ತಿಗೆಯಲ್ಲಿ ಈಗ ಹುಣಸೆ ಬೀಜದಷ್ಟು ಕಲೆ ಇದೆ. ಅದನ್ನು ಮುಚ್ಚೋಕೆ ಸೆಖೆಯಲ್ಲೂ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡೇ ಓಡಾಡುತ್ತಾರೆ.